ನೆಲ ಮುಟ್ಟದ ಫಟಫಟಿ

ತಿಕೋಟಾದ ಶಂಕ್ರೆಪ್ಪ ನಿಂತದ್ದನ್ನು ಕಂಡವರು ಊರಲ್ಲಿ ಹೆಚ್ಚು ಮಂದಿ ಇಲ್ಲ ಎಂದು ಸ್ವತಃ ಶಂಕ್ರೆಪ್ಪನೇ ನಂಬಿಕೊಂಡಿದ್ದ. ಬೆಳಗಾದರೆ ಪೇಟೆಯ ಅಂಗಡಿಯಲ್ಲಿ ಗಾದಿ ಹಾಸಿ, ಲೋಡಿಗೆ ಒರಗಿ, ಮುಂದೆ ಕುಸುಬಿಯ ಮಾದರಿ ತುಂಬಿದ ಹಿತ್ತಾಳೆ ಬಟ್ಟಲು ಇಟ್ಟುಕೊಂಡು ಕೂತನೆಂದರೆ ಏಳುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಅಂಗಡಿಯ ಕಟ್ಟೆ ಸೊಂಟದೆತ್ತರ, ಅದಕ್ಕೆ ಕೆಳಗೊಂದು ಅಗಲವಾದ ಕಲ್ಲಿನ ಮೆಟ್ಟಿಲು. ಕುಸುಬಿ, ಜೋಳ ತಂದ ರೈತರು ನೆಲದ ಮೇಲೆ ನಿಂತು, ಮುಖ ಮೇಲೆತ್ತಿ ಅವನೊಡನೆ ಮಾತಾಡಬೇಕು. ಹೀಗೆ ನಲವತ್ತರ ಹತ್ತಿರ ಬಂದ ಬಾಳಿನಲ್ಲಿ ಅರ್ಧಕ್ಕರ್ಧವನ್ನು ಅವನು ಎತ್ತರದ ಮನುಷ್ಯನಾಗಿಯೇ ಕಳೆದಿದ್ದ. ನಿಂತರೆ ಐದಡಿಗೆ ಎರಡು ಬಟ್ಟು ಕಡಿಮೆ ಎಂಬುದು ಅವನ ಲೆಕ್ಕದಲ್ಲಿ ಮನೆಯೊಳಗಿನ ಸಂಗತಿ, ಅದನ್ನು ಯಾರೂ ಪೇಟೆಗೆ ತರಬೇಕಾಗಿರಲಿಲ್ಲ.

ತರುವವನು ಒಬ್ಬನಿದ್ದ. ಬಬಲೇಶ್ವರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಮರಪ್ಪ. ಸೋದರಮಾವನ ಮಗ, ಸಾಲದ್ದಕ್ಕೆ ಹೆಂಡತಿ ನೀಲಾಬಾಯಿಯ ಅಣ್ಣ. ಆರಡಿ ಆಳು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಶಾಲೆಗೆ ಹೋಗಿದ್ದರು, ಅಂದು ಇಟ್ಟ ಹೆಸರನ್ನು ಅಮರಪ್ಪ ಇಂದಿಗೂ ಬಿಟ್ಟಿರಲಿಲ್ಲ. ತಂಗಿಯ ಗಂಡ, ಊರಿನ ಸಾಹುಕಾರ ಎಂಬುದನ್ನೂ ನೋಡದೆ, ನಾಲ್ಕು ಮಂದಿಯ ಎದುರಿಗೇ “ಲೇ ಗಿಡ್ಡ್ಯಾ” ಎಂದು ಕರೆಯುತ್ತಿದ್ದ. ಶಂಕ್ರೆಪ್ಪ ನಗುತ್ತಿದ್ದ. ಆ ನಗೆಯನ್ನು ನೋಡಿದರೆ ಯಾರಿಗಾದರೂ ಹಲ್ಲುನೋವು ನೆನಪಾಗಬೇಕು.

ಯುದ್ಧ ಮುಗಿದ ಮರುವರ್ಷ ದಂಡಿನವರು ತಮ್ಮ ಸಾಮಾನು ಸರಂಜಾಮನ್ನೆಲ್ಲ ಹರಾಜು ಹಾಕತೊಡಗಿದರು. ಅರಕೇರಿಯ ಕುರಿಗಾರರ ಮನೆತನದ ಮಲಕಾಜಪ್ಪ ಎಂಬವನು ದಂಡಿನಲ್ಲಿ ಲಾರಿ ಹೊಡೆದು ಬಂದವನು, ವಿಜಾಪುರದಲ್ಲಿ ತಗಡಿನ ಛಪ್ಪರ ಹಾಕಿಕೊಂಡು ಮೋಟಾರು ರಿಪೇರಿ ಮಾಡುತ್ತಿದ್ದ. ಅವನು ಎಲ್ಲಿಂದಲೋ ಎರಡು ಫಟಫಟಿ, ಅಂದರೆ ಮೋಟಾರು ಸೈಕಲ್ಲು, ತಂದಿದ್ದಾನೆ ಎಂಬ ಸುದ್ದಿ ತಿಕೋಟಾಕ್ಕೆ ಬಂತು. ಶಂಕ್ರೆಪ್ಪನ ಸವಾರಿಯ ತಟ್ಟು ಕುದುರೆ ಸತ್ತು ಆರು ತಿಂಗಳಾಗಿತ್ತು. ಬಾಡಿಗೆ ಚಕ್ಕಡಿಯಲ್ಲಿ ಓಡಾಡಿ ಅವನಿಗೆ ಬೇಸರ ಬಂದಿತ್ತು. ಹೊರಟ. ಸಂತೆಗೆಂದು ವಿಜಾಪುರಕ್ಕೆ ಬಂದಿದ್ದ ಅಮರಪ್ಪನೂ, ಕರೆಯದಿದ್ದರೂ, ಜೊತೆಗೆ ಬಂದು ನಿಂತ.

ಛಪ್ಪರದಲ್ಲಿ ಎರಡು ಗಾಡಿಗಳಿದ್ದವು. ಒಂದು ದೊಡ್ಡದು, ಮಣ್ಣುಹಸಿರು ಬಣ್ಣದ್ದು, ಸೀಟಿನ ಕೆಳಗೆ ಕೈಗಾತ್ರದ ಎರಡು ಸ್ಪ್ರಿಂಗು, ಹಿಂದೆ ಕಬ್ಬಿಣದ ಪಟ್ಟಿಗಳ ಕ್ಯಾರಿಯರ್. ಇನ್ನೊಂದು ಅದರ ಮುಂದೆ ಕರುವಿನ ಹಾಗೆ ನಿಂತ ಸಣ್ಣ ಗಾಡಿ.

“ಸಾವ್ಕಾರ್ರ, ಇಂಜಿನ್ ಆಮ್ಯಾಲ ನೋಡ್ರಿ,” ಎಂದ ಮಲಕಾಜಪ್ಪ. “ಮೊದಲ ಮ್ಯಾಲ ಕುಂದರ್ರಿ. ಎರಡೂ ಕಾಲ ನೆಲಕ್ಕ ಊರಬೇಕು. ಊರಿದ್ರ ಗಾಡಿ ನಿಮ್ಮ ಮಾತ ಕೇಳತೈತಿ. ಊರಲಿಲ್ಲಂದ್ರ ನೀವು ಅದರ ಮಾತ ಕೇಳಬೇಕಾಕ್ಕೈತಿ. ನನ್ನ ಕೇಳಿದ್ರ, ಆ ಸಣ್ಣದು ನಿಮಗ ಬರೋಬರಿ.”

ಇದಕ್ಕಿಂತ ಒಳ್ಳೆಯ ಬುದ್ಧಿಮಾತನ್ನು ಆ ಛಪ್ಪರದಲ್ಲಿ ಯಾರೂ ಯಾರಿಗೂ ಹೇಳಿರಲಿಕ್ಕಿಲ್ಲ. ಇದಕ್ಕಿಂತ ಕೆಟ್ಟ ಹೊತ್ತಿನಲ್ಲಿಯೂ ಹೇಳಿರಲಿಕ್ಕಿಲ್ಲ. ಅಷ್ಟರಲ್ಲಿ ಅಮರಪ್ಪ ದೊಡ್ಡ ಗಾಡಿಯ ಮೇಲೆ ಕಾಲು ಹಾರಿಸಿ ಕೂತು, ಎರಡೂ ಅಂಗಾಲು ನೆಲಕ್ಕೆ ಊರಿ, ಮೊಣಕಾಲು ಬೇರೆ ಬಗ್ಗಿಸಿ ತೋರಿಸುತ್ತಿದ್ದ.

“ಗಿಡ್ಡ್ಯಾ, ನೀ ಸಣ್ಣದ ತಗೋ. ಇದು ನನ್ನಂಥಾವ್ರಿಗೆ ಮಾಡಿದ್ದೈತಿ.”

ಶಂಕ್ರೆಪ್ಪ ಛಪ್ಪರದಲ್ಲಿದ್ದ ಒಂದು ಕಲ್ಲಿನ ಮೇಲೆ ಹತ್ತಿ, ಅಲ್ಲಿಂದ ದೊಡ್ಡ ಗಾಡಿಯ ಸೀಟಿಗೆ ದಾಟಿಕೊಂಡು, ಕಲ್ಲಿನ ಮೇಲಿದ್ದ ಕಾಲನ್ನು ಅಲ್ಲಿಯೇ ಇಟ್ಟು, “ನನಗ ಇದ ಬರೋಬರಿ ಐತಿ” ಎಂದ. ವ್ಯಾಪಾರ ಅಲ್ಲಿಗೆ ಮುಗಿಯಿತು. ಮಲಕಾಜಪ್ಪ ಮಾರುವವನು, ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಇದು ಸಾಮಾನ್ಯ ಮೂರ್ಖತನವಾಗುತ್ತಿತ್ತು. ಶಂಕ್ರೆಪ್ಪ ಅದಕ್ಕೆ ವ್ಯಾಪಾರಸ್ಥರ ಮರ್ಯಾದೆಯನ್ನೂ ಸೇರಿಸಿದ. ಬರಿಯ ತೊಗಲಿನ ಸೀಟಿನ ಮೇಲೆ ಕೂರುವುದೆಂದರೆ ಏನು? ಗಾದಿಯಿಲ್ಲದೆ ಸಾಹುಕಾರ ಎಲ್ಲಿ ಕೂತಿದ್ದುಂಟು? ಆ ಸೀಮೆಯಲ್ಲಿ ವ್ಯಾಪಾರಿಯೊಬ್ಬ ಗಾದಿ ಎತ್ತಿದನೆಂದರೆ ದಿವಾಳಿಯಾದನೆಂದೇ ಅರ್ಥ. ಅಂಗಡಿಯಲ್ಲಿ ಗಾದಿ ಸುತ್ತಿಟ್ಟದ್ದು ಕಂಡರೆ ಸಾಕು, ಹಣ ಪಡೆಯದೆ ಮಾಲು ಹಾಕಿದವರೆಲ್ಲ ಅದನ್ನು ವಾಪಸು ಒಯ್ಯಲು ಖಾಲಿ ಚೀಲ ಹಿಡಿದು ಓಡಿ ಬರುತ್ತಾರೆ. ಹೀಗಾಗಿ ಶಂಕ್ರೆಪ್ಪ ನೇರವಾಗಿ ಪಿಂಜಾರ ಓಣಿಯ ಇಮಾಮಬಿಯ ಮನೆಗೆ ಹೋದ. ಹತ್ತಿ ಹಿಂಜಿ ಗಾದಿ ಹೊಲಿಯುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಅವಳದೇ ಕೈ.

“ಎಷ್ಟ ಬಟ್ಟ ದಪ್ಪ ತುಂಬಲ್ರಿ?” ಎಂದು ಕೇಳಿದಳು ಇಮಾಮಬಿ.

“ಗೌಡ್ರ ಟಾಂಗಾಕ್ಕ ಎಷ್ಟ ತುಂಬಿದಿ?”

“ಮೂರ ಬಟ್ಟ.”

“ನನಗ ನಾಕ ತುಂಬು.”

ಅವಳು ನಾಲ್ಕು ಬಟ್ಟು ಹತ್ತಿ ತುಂಬಿ, ಕೆಂಪು ಬಟ್ಟೆ ಹಾಕಿ, ಸುತ್ತಲೂ ಹಳದಿ ದಾರದ ಹೊಲಿಗೆ ಹಾಕಿಕೊಟ್ಟಳು. ಕಾಲಿನ ವಿಚಾರ ಕೇಳಲಿಲ್ಲ. ಗಾದಿ ಹೊಲಿಯುವವರು ಕಾಲಿನ ವಿಚಾರ ಕೇಳುವುದು ಎಲ್ಲಿಯೂ ಇಲ್ಲ. ಮೊದಲೇ ಎತ್ತರವಾಗಿದ್ದ ಸೀಟು ಈಗ ಇನ್ನೂ ನಾಲ್ಕು ಬಟ್ಟು ಮೇಲೇರಿತು, ಶಂಕ್ರೆಪ್ಪನ ಕಾಲು ನೆಲದಿಂದ ಮತ್ತಷ್ಟು ದೂರವಾದವು.

ಹೊಡೆಯುವುದನ್ನು ಹದಿನೈದು ದಿನದಲ್ಲಿ ಕಲಿತ. ಓಡುವಾಗ ಯಾವ ತೊಂದರೆಯೂ ಇರಲಿಲ್ಲ. ಓಡುವ ಗಾಡಿಗೆ ಗಿಡ್ಡ ಉದ್ದ ಗೊತ್ತಾಗುವುದಿಲ್ಲ. ಕಷ್ಟವೆಲ್ಲ ನಿಲ್ಲಿಸುವುದರಲ್ಲಿ. ನಿಲ್ಲಿಸಬೇಕೆಂದರೆ ಎಡಗಾಲಿಗೆ ಒಂದು ಕಟ್ಟೆ ಬೇಕು. ಗೇಣಿಗಿಂತ ಕಡಿಮೆಯಿದ್ದರೆ ಕಾಲು ಎಟುಕುವುದಿಲ್ಲ, ಮೊಳಕ್ಕಿಂತ ಹೆಚ್ಚಿದ್ದರೆ ಮೊಣಕಾಲು ಗದ್ದಕ್ಕೆ ಬಂದು ಬಡಿಯುತ್ತದೆ. ಅದೂ ಎಡಗಡೆಗೇ ಇರಬೇಕು, ಯಾಕೆಂದರೆ ಕಿಕ್ ಹೊಡೆಯುವುದು ಬಲಗಾಲಿನಲ್ಲಿ. ಒಂದೇ ತಿಂಗಳಲ್ಲಿ ಅವನು ದಾರಿಯನ್ನು ಊರುಗಳಿಂದಲ್ಲ, ಕಟ್ಟೆಗಳಿಂದ ಗುರುತಿಸತೊಡಗಿದ. ತಿಕೋಟಾದಲ್ಲಿ ತನ್ನದೇ ಅಂಗಡಿಯ ಮೆಟ್ಟಿಲು. ತೊರವಿಯಲ್ಲಿ ಅಗಸಿಯ, ಅಂದರೆ ಊರಬಾಗಿಲಿನ, ಬೇವಿನ ಗಿಡದ ಕಟ್ಟೆ. ವಿಜಾಪುರದಲ್ಲಿ ಎಣ್ಣೆ ಗಾಣದವರು ಚೀಲ ಇಳಿಸುವ ಜಗಲಿ. ಈ ಮೂರು ಬಿಟ್ಟರೆ ಲೋಕದಲ್ಲಿ ಅವನಿಗೆ ನಿಲ್ಲುವ ಜಾಗವಿರಲಿಲ್ಲ. ನಡುದಾರಿಯಲ್ಲಿ ಗುರುತಿನವರು ಕೈಮಾಡಿದರೆ ಇವನೂ ಕೈಬೀಸಿ ಮುಂದೆ ಹೋಗುತ್ತಿದ್ದ. ಒಮ್ಮೆ ಸ್ವಂತ ಚಿಕ್ಕಪ್ಪನಿಗೇ ಹಾಗೆ ಕೈಬೀಸಿ ಹೋದ, ಆ ಚಿಕ್ಕಪ್ಪ ಆಮೇಲೆ ದೀಪಾವಳಿಯ ತನಕ ಮಾತಾಡಲಿಲ್ಲ.

ಇದರಿಂದ ಶಂಕ್ರೆಪ್ಪನ ಹೆಸರು ಕೆಡಲಿಲ್ಲ, ಬೆಳೆಯಿತು. ಸಾಹುಕಾರ ನೆಲಕ್ಕೆ ಕಾಲಿಡುವುದಿಲ್ಲ, ಕಟ್ಟೆಯ ಮೇಲೆ ಒಂದು ಕಾಲಿಟ್ಟು ಗಾಡಿಯ ಮೇಲೆ ಕೂತೇ ಮಾತಾಡುತ್ತಾನೆ, ಏನು ಗತ್ತು ಎಂದು ಮಂದಿ ಮಾತಾಡಿಕೊಳ್ಳುತ್ತಿದ್ದಾರೆಂದು ಅವನ ಕಿವಿಗೂ ಬಿತ್ತು. ಒಳಗೊಳಗೇ ಹಿಗ್ಗಿದ. ತೊರವಿಯಲ್ಲಿ ಒಂದು ದಿನ ಹುಚ್ಚವ್ವ ಎಂಬ ಕಾಯಿಪಲ್ಲೆ ಮಾರುವ ಮುದುಕಿ ಕಟ್ಟೆಯ ತುಂಬ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ನಿಲ್ಲಲು ಜಾಗವಿಲ್ಲ. ಶಂಕ್ರೆಪ್ಪ ಬೇವಿನ ಗಿಡವನ್ನು ಒಂದು ಸುತ್ತು ಹಾಕಿದ, ಬುಟ್ಟಿ ಸರಿಯಲಿಲ್ಲ. ಎರಡನೆಯ ಸುತ್ತು ಹಾಕಿದ. ಮೂರನೆಯ ಸುತ್ತಿಗೆ ಮುದುಕಿ ಕೈಯೆತ್ತಿ, “ಭಕ್ತಿ ಅಂದ್ರ ನಿಮ್ಮದು ನೋಡ್ರಿ ಸಾವ್ಕಾರ್ರ, ಗಿಡದಾಗಿನ ದೇವಿ ಒಳ್ಳೇದ ಮಾಡ್ತಾಳ,” ಎಂದು ಹರಸಿ, ಆಮೇಲೆ ನಿಧಾನವಾಗಿ ಬುಟ್ಟಿ ಸರಿಸಿದಳು. ಅಂದಿನಿಂದ ಅವನು ದೈವಭಕ್ತ ಎಂಬ ಹೆಸರೂ ಬಂತು.

ಮನೆಯಲ್ಲಿ ನೀಲಾಬಾಯಿ ಇದನ್ನೆಲ್ಲ ನೋಡುತ್ತಿದ್ದಳು. ಗಂಡನಿಗಿಂತ ಒಂದು ಗೇಣು ಎತ್ತರದ ಹೆಂಗಸು, ಮಾತು ಮಾತ್ರ ಅಷ್ಟೇ ಗಿಡ್ಡ. ಒಂದೇ ಒಂದು ಸಲ ಹೇಳಿದಳು.

“ಗಾದಿ ತಗದ ನೋಡ್ರಿ.”

“ಮಂದಿ ಏನಂತಾರ?”



ಗುಟ್ಟು ಹೀಗೆ ಒಂದು ವರ್ಷ ಸುಖವಾಗಿತ್ತು. ನಲವತ್ತೇಳನೆಯ ಇಸವಿಯ ಕುಸುಬಿ ಸುಗ್ಗಿಯಲ್ಲಿ ಅಮರಪ್ಪ ತಿಕೋಟಾಕ್ಕೆ ಬಂದ. ಅಂಗಡಿಯ ಮುಂದೆ ಹತ್ತಾರು ರೈತರು ಮಾಲು ಹಾಕಲು ನಿಂತಿದ್ದರು. ಅವರ ನಡುವೆ ನಿಂತು ಅಮರಪ್ಪ ದನಿ ಎತ್ತಿದ.

“ಏನಲೇ ಗಿಡ್ಡ್ಯಾ, ವಿಜಾಪುರಕ್ಕ ಹೋಗತಿ, ತೊರವಿಗೆ ಹೋಗತಿ. ಹೇಣ್ತಿ ತವರಮನಿಗೆ ಒಮ್ಮೆನೂ ಫಟಫಟಿ ತಗೊಂಡ ಬರವಲ್ಲಿ.”

“ದಾರಿ ಛಲೋ ಇಲ್ಲ.”

“ದಾರಿ ಛಲೋ ಇಲ್ಲೋ, ಕಟ್ಟಿ ಛಲೋ ಇಲ್ಲೋ?”

ಬಬಲೇಶ್ವರದ ಸಂತೆಪೇಟೆ ಬಟ್ಟಬಯಲು, ಅಮರಪ್ಪನ ಅಂಗಡಿಗೆ ಹೊಸ್ತಿಲು ಬಿಟ್ಟರೆ ಬೇರೇನೂ ಇಲ್ಲ. ಅದು ಗೊತ್ತಿದ್ದೇ ಅವನು ಆ ಕಡೆ ತಲೆಹಾಕಿರಲಿಲ್ಲ.

“ಬರೂ ಸಂತಿ ದಿನ ಬಾ,” ಎಂದ ಅಮರಪ್ಪ. “ನನ್ನ ಅಂಗಡಿ ಮುಂದ, ನಡು ಬಜಾರದಾಗ ಗಾಡಿ ನಿಲ್ಲಸು. ಕಟ್ಟಿಗೆ, ಗೋಡಿಗೆ, ಗಿಡಕ್ಕ ಕಾಲ ಹಚ್ಚಬಾರದು. ಯಾರೂ ಕೈ ಹಚ್ಚಿ ಹಿಡೀಬಾರದು. ಮ್ಯಾಲ ಕುಂತ ಒಂದ ಕಪ್ಪ ಚಾ ಕುಡಿ. ಕುಡದಿ ಅಂದ್ರ ಸಂತಿ ಮಂದಿ ಮುಂದ ‘ಬರ್ರಿ ಶಂಕ್ರೆಪ್ಪನವರ’ ಅಂತೀನಿ, ಸಾಯೂತನಕ ಹಂಗ ಅಂತೀನಿ. ಇಲ್ಲಂದ್ರ ಕೊಂಡ ರೇಟಿಗೆ ಗಾಡಿ ನನಗ ಬಿಡು.”

ರೈತರೆಲ್ಲ ಶಂಕ್ರೆಪ್ಪನ ಮುಖ ನೋಡಿದರು. ಒಲ್ಲೆನೆಂದರೆ ಕಾಲು ಎಟುಕುವುದಿಲ್ಲವೆಂದು ಒಪ್ಪಿಕೊಂಡಂತೆ. ಹೂಂ ಎಂದರೆ ಗಾಡಿ ಹೋದಂತೆ. ಅವನಿಗೆ ಆ ಗಾಡಿಯ ಮೇಲೆ ಎಷ್ಟು ಪ್ರೀತಿಯಿತ್ತೆಂದರೆ, ದಿನಾ ಬೆಳಿಗ್ಗೆ ಎಣ್ಣೆಬಟ್ಟೆಯಿಂದ ತಾನೇ ಒರೆಸುತ್ತಿದ್ದ, ಆಳಿನ ಕೈಗೂ ಕೊಡುತ್ತಿರಲಿಲ್ಲ. ಆದರೂ ಬಾಯಿಂದ ಬಂದದ್ದು, “ಬರತೀನಿ” ಎಂಬ ಮಾತು.

ಸಂತೆಗೆ ಐದು ದಿನವಿತ್ತು. ಮೊದಲ ದಿನ ವಿಜಾಪುರಕ್ಕೆ ಹೋಗಿ ಮಲಕಾಜಪ್ಪನಿಗೆ ಸೀಟು ಇಳಿಸಲು ಹೇಳಿದ.

“ಸ್ಪ್ರಿಂಗ್ ಬದಲ ಮಾಡಿದ್ರ ಒಂದ ಬಟ್ಟ ಇಳಿತೈತ್ರಿ,” ಎಂದ ಮಲಕಾಜಪ್ಪ. “ನಾಕ ಬಟ್ಟ ಇಳೀಬೇಕಂದ್ರ ಆ ಗಾದಿ...”

“ಗಾದಿ ಮಾತ ತಗೀಬ್ಯಾಡ.”

“ಹಂಗಾರ ನೀವ ಬೆಳೀಬೇಕ್ರಿ.”

ಬೆಳೆಯುವ ದಾರಿಯನ್ನು ಶಂಕ್ರೆಪ್ಪ ಆಗಲೇ ಯೋಚಿಸಿದ್ದ. ಎಮ್ಮೆ ತೊಗಲಿನ ಆರು ಪದರಿನ ಅಟ್ಟೆ ಹಾಕಿಸಿ ಒಂದು ಜೊತೆ ಚಪ್ಪಲಿ ಹೊಲಿಸಿದ. ಅವನ್ನು ಮೆಟ್ಟಿಕೊಂಡು ಊರಾಚೆಯ ಹೊಲದ ದಾರಿಯಲ್ಲಿ ಹೋಗಿ ನೋಡಿದ. ಬ್ರೇಕು ತುಳಿಯಬೇಕೆಂದಾಗ ಅಟ್ಟೆ ಬ್ರೇಕಿನ ಕೆಳಗೆ ಸಿಕ್ಕಿಕೊಂಡಿತು. ಗಾಡಿ ದಾರಿ ಬಿಟ್ಟು ಕಟಾವಿಗೆ ಬಂದ ಕುಸುಬಿಯೊಳಗೆ ನುಗ್ಗಿ ಮಲಗಿತು. ಒಣಗಿದ ಕುಸುಬಿಯ ಮುಳ್ಳು ಎಂಥದೆಂದು ಕೊಯ್ದವರಿಗೆ ಗೊತ್ತು, ಅದನ್ನು ಇಷ್ಟು ವರ್ಷ ಬಟ್ಟಲಲ್ಲಿ ನೋಡಿ ವ್ಯಾಪಾರ ಮಾಡಿದ ಶಂಕ್ರೆಪ್ಪನಿಗೂ ಅಂದು ಗೊತ್ತಾಯಿತು. ಸಂಜೆ ನೀಲಾಬಾಯಿ ದೀಪದ ಹತ್ತಿರ ಕೂರಿಸಿಕೊಂಡು ಒಂದೊಂದೇ ಮುಳ್ಳು ಕಿತ್ತಳು. ಎಲ್ಲಿ ಬಿದ್ದಿರಿ ಎಂದು ಕೇಳಲಿಲ್ಲ. ಮುಳ್ಳೆಲ್ಲ ಮುಗಿದ ಮೇಲೆ, “ಸಂತಿಗೆ ನಾನೂ ಬರತೀನ್ರಿ. ತವರಮನಿಗೆ ಹೋಗಿ ಭಾಳ ದಿನಾತು,” ಎಂದಳು.

“ಚಕ್ಕಡಿ ಮಾಡಿಕೊಡತೀನಿ.”

“ಫಟಫಟಿ ಮ್ಯಾಲ.”

“ಹೆಣ್ಮಕ್ಕಳು ಫಟಫಟಿ ಮ್ಯಾಲ ಕುಂತದ್ದ ಎಲ್ಲರ ಕಂಡೀಯೇನು?”

“ಈಗ ಕಾಣತಾರಲ್ರಿ.”

ಹೇಗೂ ಗಾಡಿ ಕೈಬಿಟ್ಟು ಹೋಗುತ್ತದೆ, ಹೋಗುವ ಮೊದಲು ಇವಳೂ ಒಮ್ಮೆ ಕೂರಲಿ ಎಂದು ಶಂಕ್ರೆಪ್ಪ ಒಪ್ಪಿದ. ಸಂತೆಯ ದಿನ ನೀಲಾಬಾಯಿ ಹೊಲಕ್ಕೆ ಹೋಗುವಾಗ ಉಡುವಂತೆ ಕಚ್ಚೆ ಹಾಕಿ ಸೀರೆ ಉಟ್ಟಳು. ಕಬ್ಬಿಣದ ಕ್ಯಾರಿಯರ್ ಮೇಲೆ ಒಂದು ಗೋಣಿಚೀಲ ಮಡಿಚಿ ಹಾಕಿ, ಕುದುರೆ ಮೇಲೆ ಕೂತಂತೆ ಎರಡೂ ಕಡೆ ಕಾಲು ಹಾಕಿ ಕೂತಳು. ಪೇಟೆಗೆ ಪೇಟೆಯೇ ಬಾಯಿ ತೆರೆದು ನೋಡಿತು. ಶಂಕ್ರೆಪ್ಪ ಎಂದಿನಂತೆ ಮೆಟ್ಟಿಲಿನಿಂದ ಹೊರಟ.

ಬಬಲೇಶ್ವರದ ಕಡೆಯದು ಎರೆಹೊಲಗಳ ನಡುವಿನ ಚಕ್ಕಡಿದಾರಿ. ಅರ್ಧ ದಾರಿ ಹೋಗಿರಬೇಕು, ತಿರುವಿನಲ್ಲಿ ಎದುರಿಗೆ ಒಂದು ಕುರಿಹಿಂಡು. ದಾರಿಯಂಚಿನಿಂದ ಅಂಚಿನವರೆಗೆ ಕುರಿ. ಹಿಂದೆ ಅಮೋಘಿ ಎಂಬ ಕುರಿಗಾರ ಕೋಲೂರಿಕೊಂಡು ಬಿಡುವಾಗಿ ಬರುತ್ತಿದ್ದಾನೆ. ಸುತ್ತು ಹಾಕಲು ಗಿಡವಿಲ್ಲ, ಕಾಲಿಡಲು ಕಟ್ಟೆಯಿಲ್ಲ. ಶಂಕ್ರೆಪ್ಪ ಬ್ರೇಕು ಒತ್ತಿದ. ಇಂಜಿನ್ ಕೆಮ್ಮಿ ನಿಂತಿತು. ಅವನು ಕಣ್ಣು ಮುಚ್ಚಿಕೊಂಡ. ಎಡಕ್ಕೆ ಬೀಳುವುದೋ ಬಲಕ್ಕೋ ಎಂಬುದಷ್ಟೇ ತೀರ್ಮಾನವಾಗಬೇಕಿತ್ತು.

ಗಾಡಿ ಯಾವ ಕಡೆಗೂ ಬೀಳಲಿಲ್ಲ. ಕುರಿಗಳು ಎರಡೂ ಬದಿಗೆ ತಿಕ್ಕಿಕೊಂಡು ಹೋಗುತ್ತಿದ್ದವು. ಶಂಕ್ರೆಪ್ಪ ಒಂದು ಕಣ್ಣು ತೆರೆದು ಕೆಳಗೆ ನೋಡಿದ. ತನ್ನ ಕಾಲು ಎರಡೂ ಗಾಳಿಯಲ್ಲಿ ತೂಗುತ್ತಿದ್ದವು. ಅವುಗಳ ಹಿಂದೆ ಬೆಳ್ಳಿಯ ಕಾಲುಂಗುರ ಹಾಕಿದ ಎರಡು ಪಾದ ಎರೆಮಣ್ಣಿನ ಮೇಲೆ ಗಟ್ಟಿಯಾಗಿ ಊರಿದ್ದವು.

“ನಿನಗ ಗೊತ್ತಿತ್ತೇನು?” ಎಂದು ಅವನು ಹಿಂದೆ ನೋಡದೆ ಕೇಳಿದ.

“ಯಾವುದ್ರಿ?”

“ಕಾಲಿಂದು.”

“ಹದಿನೇಳ ವರ್ಷಾತ್ರಿ,” ಎಂದಳು ನೀಲಾಬಾಯಿ. “ಲಗ್ನದಾಗ ನಿಮ್ಮನ್ನ ಮಣಿ ಮ್ಯಾಲ ನಿಂದ್ರಿಸಿದ್ರು. ಮಣಿ ಸಾಲಲಿಲ್ಲ. ಅಕ್ಕಿಕಾಳ ಬೀಳೂತನಕ ನಾ ಸೀರಿ ಒಳಗ ಮಣಕಾಲ ಬಗ್ಗಿಸಿ ನಿಂತಿದ್ದೆ. ಆಮ್ಯಾಲ ಎರಡ ದಿನ ಕಾಲ ನೋಯತಿದ್ವು.”

ಶಂಕ್ರೆಪ್ಪನಿಗೆ ಮೊದಲು ನಾಚಿಕೆಯಾಯಿತು. ಹದಿನೇಳು ವರ್ಷ ತಾನು ಆ ಮಣೆಯನ್ನು ನಂಬಿಕೊಂಡಿದ್ದೆನಲ್ಲ ಎನಿಸಿತು. ನಾಚಿಕೆ ಇಳಿದ ಮೇಲೆ, ಹಿಂದೆ ಕೂತಿದ್ದ ಹೆಂಗಸಿನ ಮೇಲೆ ಅವನಿಗೆ ಎಂದೂ ಬಂದಿರದಷ್ಟು ಪ್ರೀತಿ ಬಂತು. ಕುರಿ ನೋಡುತ್ತ ಕೂತ.

“ಸಂತಿಗೆ ಹಿಂಗ ನಿಂದರೂಣು ಅಂತ ಬಂದಿ ಹೌದಲ್ಲ?”

“ಮತ್ತ ಚಾ ಕುಡಿಯಾಕ ಬಂದೀನೇನ್ರಿ? ಕಿಕ್ ಹೊಡೀರ್ರಿ, ಹೊತ್ತಾಕ್ಕೈತಿ. ನಾ ಹಿಡದೀನಿ.”

ಬಬಲೇಶ್ವರದ ಸಂತೆ ತುಂಬಿ ತುಳುಕುತ್ತಿತ್ತು. ಅಮರಪ್ಪ ಅಂಗಡಿಯ ಮುಂದೆ ಜಾಗ ಬಿಡಿಸಿ, ಅಲ್ಲಿದ್ದ ಒಂದು ಬೀಸುಕಲ್ಲನ್ನೂ ಹೊರಗೆ ಸಾಗಿಸಿ ಕಾಯುತ್ತಿದ್ದ. ಫಟಫಟಿ ಬಂದು ಸರಿಯಾಗಿ ನಡುವಿನಲ್ಲಿ ನಿಂತಿತು. ನಿಂತದ್ದು ನೆಟ್ಟ ಗೂಟದ ಹಾಗೆ, ಒಂದಿಷ್ಟೂ ಅಲುಗಲಿಲ್ಲ. ಸಂತೆಯ ಮಂದಿ ಮುತ್ತಿಕೊಂಡರು. ತಮ್ಮೂರಿನ ಮಗಳು ಕಚ್ಚೆ ಹಾಕಿ ಫಟಫಟಿಯ ಮೇಲೆ ಕಾಲು ಹಾಕಿ ಕೂತಿರುವಾಗ ಶಂಕ್ರೆಪ್ಪನ ಕಾಲು ನೋಡುವ ವ್ಯವಧಾನ ಯಾರಿಗಿತ್ತು? ಒಬ್ಬೊಬ್ಬರೂ ನೀಲಾಬಾಯಿಯ ಮುಖವನ್ನೇ ನೋಡುತ್ತಿದ್ದರು. ಅವಳು ಸೆರಗು ಸರಿಮಾಡಿಕೊಂಡು ಎಲ್ಲರನ್ನೂ ಆರಾಮಿದ್ದೀರಾ ಎಂದು ವಿಚಾರಿಸುತ್ತಿದ್ದಳು.

ಕೆಳಗೆ ನೋಡಿದವನು ಅಮರಪ್ಪನೊಬ್ಬನೇ. ನಾಲ್ಕು ಕಾಲು ಕಂಡವು. ಎರಡು ತೂಗುತ್ತಿದ್ದವು, ಎರಡು ಊರಿದ್ದವು. ಅವನು ತಂಗಿಯ ಹತ್ತಿರ ಬಂದು ಸಣ್ಣ ದನಿಯಲ್ಲಿ, “ನೀಲಾ, ಕಾಲ ಎತ್ತು,” ಎಂದ.

“ಯಾಕ ಯಣ್ಣಾ? ಕೈ ಹಚ್ಚಬಾರದು ಅಂದಿದ್ದಿ. ನಾ ಎಲ್ಲಿ ಕೈ ಹಚ್ಚೀನಿ?”

“ಎತ್ತು ಅಂದೆ.”

“ಹಂಗಾರ ಸಂತಿ ಮಂದೀನ ಕೇಳೂಣು. ತವರಮನಿಗೆ ಬಂದ ಮಗಳು ಬಾಗಲದಾಗ ಕಾಲ ಇಡಬಾರದು ಅಂತ ನಮ್ಮಣ್ಣ ಅನ್ನಾಕತ್ತಾನ, ಹೌದೇನ್ರಿ ಅಂತ.”

ಅಮರಪ್ಪ ಸುತ್ತ ನೋಡಿದ. ಅರ್ಧ ಸಂತೆ ಅವನ ಗಿರಾಕಿಗಳು. ಒಳಗಿನಿಂದ ಅವನ ಹೆಂಡತಿ ಚಹಾ ತಂದಳು. ಶಂಕ್ರೆಪ್ಪ ಬಸಿಯಲ್ಲಿ ಹಾಕಿಕೊಂಡು, ಆರಿಸಿ ಆರಿಸಿ ಕುಡಿದ, ಅಷ್ಟು ನಿಧಾನವಾಗಿ ಅವನು ಜನ್ಮದಲ್ಲಿ ಚಹಾ ಕುಡಿದಿರಲಿಲ್ಲ. ಬಸಿ ಖಾಲಿಯಾದ ಮೇಲೆ ಬಾಯಿ ಒರೆಸಿಕೊಂಡು ಭಾವನ ಮುಖ ನೋಡಿದ. ಅಮರಪ್ಪ ಔಡಲೆಣ್ಣೆ ಕುಡಿದವನ ಮುಖ ಮಾಡಿಕೊಂಡು, ಎಲ್ಲರಿಗೂ ಕೇಳುವಂತೆ, “ಒಳಗ ಬರ್ರಿ ಶಂಕ್ರೆಪ್ಪನವರ,” ಎಂದ. ಗಾಡಿ ಉಳಿಯಿತು, ಗುಟ್ಟೂ ಉಳಿಯಿತು.

ಊಟ ಮುಗಿಸಿ ಹೊತ್ತು ಇಳಿಯುವಾಗ ವಾಪಸು ಹೊರಟರು. ಊರು ದಾಟಿ ಎರಡು ಹರದಾರಿ ಬಂದ ಮೇಲೆ ನೀಲಾಬಾಯಿ ಗಾಡಿ ನಿಲ್ಲಿಸಲು ಹೇಳಿ ಕೆಳಗಿಳಿದಳು. ಇಳಿಯುವ ಮೊದಲು ಅವನ ಕಾಲಿಗೆ ದಾರಿಬದಿಯ ಕಲ್ಲೊಂದನ್ನು ತೋರಿಸಿ ನಿಲ್ಲಿಸಿದ್ದಳು. ಆಮೇಲೆ ಸೊಂಟಕ್ಕೆ ಕೈ ಕೊಟ್ಟುಕೊಂಡು ನಾಲ್ಕು ಹೆಜ್ಜೆ ಕುಂಟಿದಳು. ಗೋಣಿಚೀಲ ದಾರಿಯಲ್ಲೆಲ್ಲೋ ಜಾರಿ ಹೋಗಿತ್ತು. ಕಬ್ಬಿಣದ ಪಟ್ಟಿಗಳ ಮೇಲೆ, ಚಕ್ಕಡಿದಾರಿಯ ಒಂದೊಂದು ತೆಗ್ಗನ್ನೂ ಅವಳು ಎಣಿಸಿಕೊಂಡೇ ಬಂದಿದ್ದಳು.

“ಏನಾತು?”

“ಏನಿಲ್ರಿ. ಜರಾ ನಿಂತ ಹೋಗೂಣು.”

ಶಂಕ್ರೆಪ್ಪ ಕಬ್ಬಿಣದ ಕ್ಯಾರಿಯರ್ ನೋಡಿದ, ತಾನು ಕೂತ ಕೆಂಪು ಗಾದಿ ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿದ. ಕಲ್ಲಿನ ಮೇಲೆ ಇಳಿದು, ಗಾದಿಯ ಲಾಡಿ ಬಿಚ್ಚಿ, ತೆಗೆದು, ಕ್ಯಾರಿಯರ್ ಮೇಲೆ ಹಾಸಿ ಬಿಗಿಯಾಗಿ ಕಟ್ಟಿದ. ಬರಿಯ ತೊಗಲಿನ ಸೀಟಿನ ಮೇಲೆ ಕೂತ. ಸ್ಪ್ರಿಂಗು ಮೆಲ್ಲಗೆ ಕುಸಿದವು, ಸೀಟು ತೊಡೆಗೆ ಹೊಂದಿಕೊಂಡಿತು. ಇಷ್ಟು ದಿನ ಗಾದಿಯ ಮೇಲೆ ಜಾರುತ್ತ, ಬೆವರುತ್ತ ಯಾಕೆ ಕೂತಿದ್ದೆ ಎಂದು ಅವನಿಗೇ ತಿಳಿಯಲಿಲ್ಲ. ಕಲ್ಲಿನಿಂದ ಕಾಲು ತೆಗೆದು ಕೆಳಗೆ ಚಾಚಿದ. ಹೆಬ್ಬೆರಳು ಮಣ್ಣಿಗೆ ತಾಗಿತು. ಇನ್ನಷ್ಟು ಚಾಚಿದ. ಐದೂ ಬೆರಳು ತಾಗಿದವು.

ಆಮೇಲಿನದನ್ನು ಹೇಳಿದರೆ ನಲವತ್ತು ಸಮೀಪಿಸಿದ ಸಾಹುಕಾರನ ಮರ್ಯಾದೆಗೆ ಒಳ್ಳೆಯದಲ್ಲ. ಅಲ್ಲಿಂದ ತಿಕೋಟಾದವರೆಗೆ ಅವನು ಸುಮ್ಮಸುಮ್ಮನೆ ಹನ್ನೊಂದು ಕಡೆ ಗಾಡಿ ನಿಲ್ಲಿಸಿದ. ಕಟ್ಟೆಯಿಲ್ಲದಲ್ಲಿ, ಬಯಲಿನಲ್ಲಿ, ಹೊಲದ ಬದುವಿನಲ್ಲಿ ನಿಲ್ಲಿಸಿ, ಬೆರಳೂರಿ, ನಕ್ಕು, ಮತ್ತೆ ಹೊರಟ. ಊರಾಚೆಯ ಬಾವಿಯ ಹತ್ತಿರ ಪರಸವ್ವ ಎಂಬ ರೈತಹೆಂಗಸು ಎಮ್ಮೆಗೆ ನೀರು ಕುಡಿಸುತ್ತಿದ್ದಳು. ಹಿಂದಿನ ವಾರವಷ್ಟೇ ಎರಡು ಚೀಲ ಕುಸುಬಿಯನ್ನು ಬರಿಯ ನಂಬಿಕೆಯ ಮೇಲೆ ಶಂಕ್ರೆಪ್ಪನ ಅಂಗಡಿಗೆ ಹಾಕಿದ್ದವಳು. ಸಾಹುಕಾರ ಬರಿ ಸೀಟಿನ ಮೇಲೆ, ಗಾದಿ ಹೆಂಡತಿಯ ಕೆಳಗೆ. ಅವಳು ಎಮ್ಮೆಯನ್ನು ಅಲ್ಲಿಯೇ ಬಿಟ್ಟು ಊರೊಳಗೆ ಓಡಿದಳು. ಶಂಕ್ರೆಪ್ಪ ಬಾವಿಯಿಂದ ಅಗಸಿಗೆ ಬರುವಷ್ಟರಲ್ಲಿ ಮೂರು ಸಲ ನಿಲ್ಲಿಸಿದ್ದರಿಂದ ಅವಳಿಗೆ ಬೇಕಾದಷ್ಟು ವೇಳೆ ಸಿಕ್ಕಿತು.

ಅಂಗಡಿಯ ಮುಂದೆ ಹದಿನೈದು ಇಪ್ಪತ್ತು ಮಂದಿ ಸೇರಿದ್ದರು. ಎಲ್ಲರ ಬಗಲಲ್ಲೂ ಖಾಲಿ ಚೀಲ. ಗಾಡಿ ನಿಂತ ಕೂಡಲೇ ಪರಸವ್ವ ಮುಂದೆ ಬಂದಳು.

“ಸಾವ್ಕಾರ್ರ, ಗಾದಿ ಎತ್ತೀರಂತ. ಆಸ್ತಿ ಹೇಣ್ತಿ ಹೆಸರಿಗೆ ಮಾಡೀರಂತ. ನಮ್ಮ ಕುಸುಬಿ ನಮಗ ಕೊಟ್ಟಬಿಡ್ರಿ ಯಪ್ಪಾ.”

ಶಂಕ್ರೆಪ್ಪನ ನಗೆ ಇಂಗಿಹೋಯಿತು. ಬಬಲೇಶ್ವರದಲ್ಲಿ ಗೆದ್ದು ತಂದ ಗುಟ್ಟು ಇನ್ನೂ ಅವನ ಕೈಯಲ್ಲೇ ಇತ್ತು. ಅದನ್ನು ಉಳಿಸಿಕೊಂಡರೆ ಈ ಹೊತ್ತಿಗೇ ಅಂಗಡಿ ಖಾಲಿಯಾಗಿ, ನಾಳೆ ವಿಜಾಪುರದವರೆಗೂ ದಿವಾಳಿಯ ಸುದ್ದಿ ಹೋಗುತ್ತದೆ. ಬಿಟ್ಟರೆ ಊರ ಮುಂದೆ ಗಿಡ್ಡನಾಗಬೇಕು. ಅವನು ಒಮ್ಮೆ ನೀಲಾಬಾಯಿಯ ಕಡೆ ನೋಡಿದ. ಅವಳು ಮೇಲಕ್ಕೂ ಕೆಳಕ್ಕೂ ನೋಡದೆ ಸುಮ್ಮನೆ ಕೂತಿದ್ದಳು.

“ದಿವಾಳಿ ಇಲ್ಲ, ಗಿವಾಳಿ ಇಲ್ಲ,” ಎಂದ ಶಂಕ್ರೆಪ್ಪ. “ನನ್ನ ಕಾಲ ಗಿಡ್ಡ ಅದಾವು. ಗಾದಿ ಮ್ಯಾಲ ಕುಂತ್ರ ನೆಲ ಮುಟ್ಟೂದಿಲ್ಲ. ಇಷ್ಟ ದಿನ ಮುಟ್ಟಿಲ್ಲ. ಅದನ್ನ ಯಾರಿಗೂ ಹೇಳಿದ್ದಿಲ್ಲ, ಈಗ ಹೇಳಾಕತ್ತೀನಿ.”

ಯಾರೂ ನಗಲಿಲ್ಲ. ಯಾರ ಮುಖದಲ್ಲೂ ಆಶ್ಚರ್ಯ ಕಾಣಲಿಲ್ಲ. ಪರಸವ್ವ ಬೇಸರದಿಂದ ಕೈ ಆಡಿಸಿದಳು.

“ಅದು ಗೊತ್ತೈತಿ ಬಿಡ್ರಿ. ಒಂದ ವರ್ಷಾತು, ನೀವು ಬರೂ ಹೊತ್ತಿಗೆ ಈ ಮೆಟ್ಟಲ ಮ್ಯಾಲ ಸಣ್ಣ ಹುಡುಗರನ್ನೂ ಕುಂದರಗೊಡಾಂಗಿಲ್ಲ ನಾವು. ತೊರವಿ ಮಂದಿ ಕಟ್ಟಿ ಕಸ ಹೊಡದ ಯಾಕ ಇಟ್ಟಿರತಾರ, ಗಾಣದಾವ್ರು ಜಗಲಿ ಯಾಕ ಖಾಲಿ ಬಿಟ್ಟಿರತಾರ ಅಂತ ಮಾಡೀರಿ? ಪಾಪ, ಸಾವ್ಕಾರ್ರು ಬಿದ್ದಗಿದ್ದಾರು ಅಂತ. ಕಾಲಿನ ಮಾತ ಹಂಗಿರಲಿ. ಗಾದಿ ಯಾಕ ಎತ್ತಿದ್ರಿ, ಅದನ್ನ ಹೇಳ್ರಿ.”

ಶಂಕ್ರೆಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲರೂ ತಲೆಯಾಡಿಸುತ್ತಿದ್ದರು. ಗತ್ತೆಂದು, ಭಕ್ತಿಯೆಂದು ಇಡೀ ದಾರಿಯೇ ಆಡಿದ್ದು ತನ್ನ ಮರ್ಯಾದೆ ಉಳಿಸಲು ಎಂದು ಅವನಿಗೆ ಈಗ ತಿಳಿಯಿತು.

“ಆಕಿಗೆ ಕಬ್ಬಿಣ ಒತ್ತತಿತ್ತು,” ಎಂದ. “ಅದಕ್ಕ ಕೊಟ್ಟೆ.”

ಮಂದಿಯೆಲ್ಲ ನೀಲಾಬಾಯಿಯನ್ನು ನೋಡಿದರು. ಸಂತೆಯ ತುಂಬ ಜನರೆದುರು ಅಳುಕದೆ ಕೂತಿದ್ದವಳು ಈಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದಳು. ಪರಸವ್ವ ಖಾಲಿ ಚೀಲವನ್ನು ಮಡಿಚಿ ಬಗಲಲ್ಲಿಟ್ಟುಕೊಂಡಳು.

“ಅಷ್ಟ ಏನ್ರಿ? ಮೊದಲ ಹೇಳಿದ್ರ ನನ್ನ ಎಮ್ಮಿ ನೀರಾದ್ರೂ ಕುಡೀತಿತ್ತು,” ಎಂದು ಹೊರಟವಳು ತಿರುಗಿ ನಿಂತಳು. “ಅಂದಂಗ, ನಾಳಿಂದ ಈ ಮೆಟ್ಟಲ ಮ್ಯಾಲ ನಾವು ಕುಂದರಬೌದಲ್ರಿ?”

“ಕುಂದರ್ರಿ,” ಎಂದ ಶಂಕ್ರೆಪ್ಪ.